ಬಡೇಸೋಪಿನ ವಾಸನೆ

ನಮ್ಮ ಕಟ್ಟಡದ ಆರನೆಯ ಮಹಡಿಯಲ್ಲಿ, ಬೇರೊಬ್ಬ ಹೆಂಗಸಿನ ಮನೆಯಲ್ಲಿ, ಒಂದು ಪುಟ್ಟ ಗಾಜಿನ ಲೋಟವನ್ನು ಮೂಗಿನ ಹತ್ತಿರ ತಂದಾಗ ನನಗೆ ನನ್ನ ಗಂಡನ ವಾಸನೆ ಬಂತು. ಅದು ಸಾವಿನ ಮನೆ. ಕೋಣೆಯ ತುಂಬ ಅಳುವವರು, ಅಳುತ್ತಲೇ ನಗುವವರು, ನನಗೆ ತಿಳಿಯದ ಭಾಷೆಯಲ್ಲಿ ಹಾಡುವವರು. ಎಲ್ಲರ ಕೈಯಲ್ಲೂ ಅಂಥದೇ ಲೋಟ. ನಾನೊಬ್ಬಳೇ ಅದನ್ನು ಹಿಡಿದುಕೊಂಡು ಕಲ್ಲಿನಂತೆ ನಿಂತಿದ್ದೆ.

ಊರಲ್ಲಿ ಕೂತು ಇದನ್ನು ಓದುವ ನಿಮಗೆ ಏನೇನೋ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಾವು ಮಹಾಲಿಂಗಪುರದ ಕಡೆಯವರು. ಕಬ್ಬು, ಗಾಣ, ಬೆಲ್ಲದ ಪೆಂಟೆ, ಇವುಗಳ ನಡುವೆ ಬೆಳೆದವರು. ನಮ್ಮವರು ಶಿವಾನಂದ, ಸಿವಿಲ್ ಎಂಜಿನಿಯರು. ಹೊಸ ಶತಮಾನದ ಶುರುವಿನಲ್ಲಿ ದುಬೈಗೆ ಬಂದರು. ಎರಡು ವರ್ಷ ಶೇರಿಂಗ್ ರೂಮಿನಲ್ಲಿದ್ದರು. ಶೇರಿಂಗ್ ಅಂದರೆ ಒಂದು ಕೋಣೆಯಲ್ಲಿ ಮಂಚದ ಮೇಲೊಂದು ಮಂಚ ಹಾಕಿ ಆರು ಜನ ಗಂಡಸರು ಬದುಕುವ ವ್ಯವಸ್ಥೆ. ಆಮೇಲೆ ಸಂಬಳ ಏರಿ, ಸಂಸಾರ ಕರೆಸಿಕೊಳ್ಳಲು ಅನುಮತಿ ಸಿಕ್ಕಿತು. ನಾನು ಮಗಳು ಅಕ್ಷತಾಳನ್ನು ಎತ್ತಿಕೊಂಡು ಬಂದೆ. ಅಲ್ ನಹ್ದಾದಲ್ಲಿ ಒಂದು ಬೆಡ್‌ರೂಮಿನ ಮನೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಒಂದು ರಸ್ತೆ, ಆ ರಸ್ತೆಯ ಆಚೆ ಶಾರ್ಜಾ. ಊರಲ್ಲಿ ನಮ್ಮ ಹೊಲಕ್ಕೂ ದೊಡ್ಡಪ್ಪನ ಹೊಲಕ್ಕೂ ನಡುವೆ ಇದ್ದ ಬದುವಿನಷ್ಟೇ ಅಂತರ. ಆದರೆ ಈ ಬದಿಯಲ್ಲಿ ಹೋಟೆಲಿನೊಳಗೆ ಕೂತು ಕುಡಿಯಬಹುದು, ಆ ಬದಿಯಲ್ಲಿ ಕಾರಿನಲ್ಲಿ ಬಾಟಲಿ ಇದ್ದರೂ ಅಪರಾಧ. ಇದನ್ನು ಮೊದಲ ವಾರವೇ ಯಾರೋ ಹೇಳಿದರು. ನಮಗೇಕೆ ಬೇಕು ಈ ವಿಷಯ ಎಂದು ನಾನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟೆ. ನಮ್ಮ ಎರಡೂ ಮನೆತನಗಳಲ್ಲಿ ಕುಡಿಯುವವರಿರಲಿ, ಕುಡಿತದ ಹೆಸರೆತ್ತುವವರೂ ಇರಲಿಲ್ಲ.

ನಾನು ಊರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದ್ದೆ. ಇಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಮೂರನೆಯ ಸಲಕ್ಕೆ ಡ್ರೈವಿಂಗ್ ಪರೀಕ್ಷೆ ಪಾಸಾದೆ. ನೈಫ್ ಎಂಬ ಹಳೆಯ ಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಜೋಳದ ಹಿಟ್ಟು ಹುಡುಕಿ ತೆಗೆದೆ. ಬಡಿಯಲು ಜಾಗವಿಲ್ಲದ ಅಡುಗೆಮನೆಯಲ್ಲಿ ರೊಟ್ಟಿ ಬಡಿದು, ಕೆಳಗಿನ ಮನೆಯವರು ಬಂದು ಏನದು ಸದ್ದು ಎಂದು ಕೇಳಿದಾಗ ಅವರಿಗೂ ಎರಡು ಕೊಟ್ಟು ಕಳಿಸಿದೆ. ಇಷ್ಟನ್ನೆಲ್ಲ ಫೋನಿನಲ್ಲಿ ಅವ್ವನಿಗೆ ಹೇಳುವಾಗ ನನ್ನ ದನಿ ಏರುತ್ತಿತ್ತು. ಹೇಳದೆ ಬಿಟ್ಟದ್ದು ಬೇರೆ ಇತ್ತು. ಉಡುಪಿ, ಮಂಗಳೂರಿನವರು ಸೇರಿದರೆ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾವು ಬಾಯಿ ತೆರೆದರೆ, ಪ್ರೀತಿಯಿಂದಲೇ, ಆದರೂ ನಗುತ್ತಿದ್ದರು. ಎಷ್ಟೋ ವಾರಗಳಲ್ಲಿ ನನ್ನ ಕನ್ನಡ ಕೇಳಿದ್ದು ನನ್ನ ಗಂಡ ಮತ್ತು ನನ್ನ ಫ್ರಿಜ್ಜು ಮಾತ್ರ.

ಆಗ ಲಿಫ್ಟಿನಲ್ಲಿ ಪರಿಚಯವಾದವಳು ಲೂಸ್. ಹೆಸರು ಕೇಳಿ ನಾನು ಸೆರಗು ಬಾಯಿಗಿಟ್ಟುಕೊಂಡೆ. ನಮ್ಮವರಿಗೆ ಹೇಳಿದರೆ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಭಾಷೆಯಲ್ಲಿ ಲೂಸ್ ಎಂದರೆ ಬೆಳಕು ಎಂದು ಅವಳೇ ಆಮೇಲೆ ತಿಳಿಸಿದಳು. ನಮ್ಮಲ್ಲಿ ಅದಕ್ಕೆ ಏನರ್ಥ ಎಂದು ನಾನೂ ತಿಳಿಸಿದೆ. ಅಂದಿನಿಂದ ಅವಳು ಯಾರ ಮನೆಯ ಕರೆಗಂಟೆ ಒತ್ತಿದರೂ "ಲೂಸು ಬಂದೆ" ಎನ್ನತೊಡಗಿದಳು. ಅವಳು ಕೊಲಂಬಿಯಾ ದೇಶದವಳು. ಒಂದು ದೊಡ್ಡ ಹೋಟೆಲಿನ ಬೇಕರಿಯಲ್ಲಿ ಕೆಲಸ. ತನ್ನೂರಿನ ಇನ್ನಿಬ್ಬರು ಹುಡುಗಿಯರ ಜೊತೆ ಆರನೆಯ ಮಹಡಿಯಲ್ಲಿದ್ದಳು. ಒಂದು ದಿನ ನಮ್ಮ ಮನೆಯಲ್ಲಿ ಬೆಲ್ಲದ ತುಂಡು ನೋಡಿ, ಕೈಗೆತ್ತಿಕೊಂಡು, ಮೂಸಿ, ನಾಲಿಗೆಗೆ ಇಟ್ಟುಕೊಂಡು ಅಳಲು ಶುರು ಮಾಡಿದಳು. ಅವರಲ್ಲೂ ಬೆಲ್ಲವಿದೆ, ಪನೇಲಾ ಅನ್ನುತ್ತಾರೆ. ಅವಳ ಅಪ್ಪ ಗುಡ್ಡದ ಮೇಲಿನ ಊರೊಂದರಲ್ಲಿ ಗಾಣ ನಡೆಸುವವನಂತೆ. ಭೂಮಿಯ ಆ ತುದಿಯಲ್ಲೂ ಒಬ್ಬ ಗಾಣದವನ ಮಗಳಿದ್ದಾಳೆ, ಅವಳು ನನ್ನ ಅಡುಗೆಮನೆಯಲ್ಲೇ ಬಂದು ಅಳುತ್ತಿದ್ದಾಳೆ ಎಂದು ನನಗೆ ತುಂಬ ಸಂತೋಷವಾಯಿತು.

ಅವರ ಕಬ್ಬಿನಿಂದ ಇನ್ನೊಂದೂ ಆಗುತ್ತದೆ. ಅಗ್ವಾರ್ದಿಯೆಂತೆ. ಉರಿಯುವ ನೀರು ಎಂದು ಅರ್ಥ. ನಾಲಿಗೆಗೆ ಉದ್ದವಾಯಿತೆಂದು ಗ್ವಾರೋ ಎಂದು ಮುದ್ದಿನಿಂದ ಕರೆಯುತ್ತಾರೆ. ಕಬ್ಬಿನ ಹಾಲಿನಿಂದ ತೆಗೆದ ಸಾರಾಯಿಗೆ ಬಡೇಸೋಪಿನಂಥದೇ ಒಂದು ಕಾಳಿನ ಪರಿಮಳ ಕೂಡಿಸಿರುತ್ತಾರೆ. ಬಡೇಸೋಪು ಅಂದರೆ ದಕ್ಷಿಣದ ನೀವು ಸೋಂಪು ಅನ್ನುವುದು. ನೋಡಲು ನೀರಿನ ಹಾಗೆ ತಿಳಿ. ನಮ್ಮ ಜನ ಊರಿಂದ ಬರುವವರ ಕೈಯಲ್ಲಿ ಶೇಂಗಾ ಚಟ್ನಿ ತರಿಸಿಕೊಂಡಂತೆ ಲೂಸ್ ತನ್ನ ಊರಿಂದ ಬರುವವರ ಕೈಯಲ್ಲಿ ಇದನ್ನು ತರಿಸುತ್ತಿದ್ದಳು. ಒಂದು ಹೊಸ ವರ್ಷಕ್ಕೆ ಕಟ್ಟಡದವರನ್ನೆಲ್ಲ ತಾರಸಿಗೆ ಕರೆದಿದ್ದಳು. ನಾನು ಪಲಾವು ತಿಂದು, ಮಗಳಿಗೆ ನಿದ್ದೆ ಬಂತೆಂದು ಬೇಗ ಇಳಿದುಬಂದೆ. ನಮ್ಮವರು ಸ್ವಲ್ಪ ಹೊತ್ತು ಕೂತು ಬಂದರು.

ಅಬುಧಾಬಿಯ ಅಲ್ ರೀಮ್ ದ್ವೀಪದಲ್ಲಿ ಆಗ ಒಂದೇ ಸಮನೆ ಗಗನಚುಂಬಿಗಳು ಏಳುತ್ತಿದ್ದವು. ಅಂಥದೊಂದಕ್ಕೆ ನಮ್ಮವರನ್ನು ಹಾಕಿದರು. ಬೆಳಗಿನ ಜಾವ ಹೊರಟರೆ ಕತ್ತಲಾದ ಮೇಲೆ ಮನೆ. ಮರಳು, ಸಿಮೆಂಟು, ಹತ್ತು ಭಾಷೆಯ ಕೂಗಾಟ. ಊರಲ್ಲಿದ್ದಾಗ ಊಟಕ್ಕೆ ಕೂತರೆ ಒಂದು ತುತ್ತಿಗೆ ಒಂದು ಕತೆ ಹೇಳುತ್ತಿದ್ದ ಮನುಷ್ಯ ಈಗ ತಟ್ಟೆಯಲ್ಲೇ ಮುಖ ಇಟ್ಟು ಉಂಡು ಏಳುತ್ತಿದ್ದರು. ಆದರೆ ಒಂದು ಸಮಾಧಾನವಿತ್ತು. ಬಾಗಿಲು ತೆರೆದ ಕೂಡಲೇ ಅವರ ಬಾಯಿಂದ ಬಡೇಸೋಪಿನ ವಾಸನೆ ಬರುತ್ತಿತ್ತು. ನಮ್ಮ ಕಡೆ ಊಟ ಮುಗಿಸಿ ಪಡಸಾಲೆಗೆ ಬಂದ ಗಂಡಸರ ಬಾಯಿಂದ ಬರುವ ವಾಸನೆ ಅದು. ಮದುವೆ ಮನೆಯ ವಾಸನೆ. ಹೊಟ್ಟೆ ತುಂಬಿದ ವಾಸನೆ. ಸೈಟಿನಲ್ಲಿ ಸರಿಯಾಗಿ ಊಟ ಹಾಕುತ್ತಾರೆ, ಮೇಲೆ ಬಡೇಸೋಪನ್ನೂ ಇಡುತ್ತಾರೆ ಎಂದುಕೊಂಡೆ. ಕೇಳಿದರೆ ಹೌದೆಂದರು. ನಾನು ಕ್ಲಿನಿಕ್ಕಿನಲ್ಲಿ ದಿನವಿಡೀ ಮಂದಿಯ ರಕ್ತದಲ್ಲಿ ಏನಿದೆ ಎಂದು ಹುಡುಕುವವಳು. ಬೇರೆ ಯಾವ ವಾಸನೆ ಬಂದಿದ್ದರೂ ಅದೇ ದಿನ ಹಿಡಿಯುತ್ತಿದ್ದೆ. ಇದು ಬಂದರೆ ನನ್ನ ಎದೆ ತಂಪಾಗುತ್ತಿತ್ತು. ಅಕ್ಕಪಕ್ಕದವರ ಮುಂದೆ ನಮ್ಮವರಿಗೆ ಊಟವಾದ ಮೇಲೆ ಬಡೇಸೋಪು ಬೇಕೇ ಬೇಕು ಎಂದು ಹೇಳಿಕೊಂಡು ನಗುತ್ತಿದ್ದೆ. ಅವ್ವನಿಗೆ ಹೇಳಿ ಊರಿಂದ ಹುರಿದ ಬಡೇಸೋಪನ್ನು ಡಬ್ಬಿಗಟ್ಟಲೆ ತರಿಸಿ ಅವರ ಚೀಲದಲ್ಲಿ ಇಡುತ್ತಿದ್ದೆ.

ಹೀಗಿರುವಾಗ ಲೂಸ್‌ಳ ಅಪ್ಪ ತೀರಿಕೊಂಡ. ಟಿಕೆಟ್ಟು ಸಿಗಲಿಲ್ಲ, ಸಿಕ್ಕರೂ ಮಣ್ಣಿಗೆ ಮುಟ್ಟುವ ಹಾಗಿರಲಿಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ಒಯ್ಯುತ್ತಾರೆ. ನಾನು ಅನ್ನ, ಸಾರು, ಝುಣಕ ಮಾಡಿಕೊಂಡು, ಇಲ್ಲಿನ ವಾರದ ರಜೆಯಾದ ಶುಕ್ರವಾರ ಮಧ್ಯಾಹ್ನ ಮೇಲೆ ಹೋದೆ. ಅಲ್ಲಿ ಅವಳ ಅಪ್ಪನ ಫೋಟೊದ ಮುಂದೆ ಒಂದು ಬಾಟಲಿ, ಸುತ್ತ ಪುಟ್ಟ ಲೋಟಗಳು, ಹೆಚ್ಚಿದ ನಿಂಬೆ. ಸತ್ತವನ ಫೋಟೊದ ಮುಂದೆ ಸಾರಾಯಿಯೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆದರೆ ಕೂತು ನೋಡಿದಾಗ ಬೈಗುಳ ತಾನಾಗಿ ನಿಂತಿತು. ಬಾಟಲಿ ಹಿಡಿದವನು ಒಬ್ಬನೇ. ಅವನು ಒಬ್ಬೊಬ್ಬರ ಮುಂದೆ ನಿಂತು ಹಾಕಿಕೊಡುತ್ತಾನೆ. ಯಾರೂ ತಮ್ಮ ಲೋಟಕ್ಕೆ ತಾವೇ ಹಾಕಿಕೊಳ್ಳುವಂತಿಲ್ಲ. ಎಲ್ಲರದೂ ತುಂಬುವ ತನಕ ಮೊದಲನೆಯವನು ಕಾಯುತ್ತಾನೆ. ಆಮೇಲೆ ಒಬ್ಬರ ಕಣ್ಣನ್ನೊಬ್ಬರು ನೋಡಿ "ಸಾಲುದ್" ಎನ್ನುತ್ತಾರೆ. ಆರೋಗ್ಯ ಎಂದು ಅರ್ಥ. ಒಂದೇ ಗುಟುಕು. ನಿಂಬೆಯ ಹೋಳು ಚೀಪಿ, ಮೇಲೊಂದಿಷ್ಟು ನೀರು. ಪ್ರತಿ ಸುತ್ತಿಗೂ ಸತ್ತವನ ಬಗ್ಗೆ ಒಬ್ಬರು ಏನಾದರೂ ಹೇಳಬೇಕು. ಲೂಸ್ ತನ್ನ ಅಪ್ಪ ಗಾಣದ ಎತ್ತಿನ ಜೊತೆ ಜಗಳವಾಡುತ್ತಿದ್ದದ್ದನ್ನು ಹೇಳಿ ಎಲ್ಲರನ್ನೂ ನಗಿಸಿದಳು, ತಾನೂ ನಕ್ಕಳು, ಆಮೇಲೆ ಕೂಗಿ ಅತ್ತಳು. ಊಟದ ನಂತರ ನಮ್ಮ ಹಿರಿಯರು ಎಲೆಅಡಿಕೆ ತಟ್ಟೆಯನ್ನು ನಡುವೆ ಇಟ್ಟುಕೊಂಡು, ಒಬ್ಬರು ಮಡಿಚಿ ಇನ್ನೊಬ್ಬರಿಗೆ ಕೊಡುತ್ತಿದ್ದರಲ್ಲ, ಅದೇ ರೀತಿ. ಕುಡಿತವೆಂದರೆ ನಾನು ಕಂಡದ್ದು ಸಾರಾಯಿ ಪಾಕೀಟನ್ನು ಹಲ್ಲಿನಿಂದ ಹರಿದು, ಗೋಡೆಗೆ ಮುಖ ಮಾಡಿ ಹೀರಿ, ಪಾಕೀಟನ್ನು ಕಾಲಿನಿಂದ ಮಣ್ಣಲ್ಲಿ ಮುಚ್ಚಿ ಹೋಗುವವರನ್ನು. ಹೀಗೂ ಒಂದು ಕುಡಿತವಿದೆಯೆಂದು ಗೊತ್ತಿರಲಿಲ್ಲ.

ನನ್ನ ಕೈಗೂ ಒಂದು ಲೋಟ ಬಂತು. ನಾನು ಹಿಂಜರಿದದ್ದನ್ನು ಕಂಡು, ಕುಡಿಯುವುದು ಬೇಡ, ಸುಮ್ಮನೆ ತುಟಿಯ ಹತ್ತಿರ ಹಿಡಿ, ಅವಳ ಅಪ್ಪನಿಗೆ ಗೌರವ ಅಂದ ಬಾಟಲಿ ಹಿಡಿದವನು. ಹಿಡಿದೆ. ಆಗ ಬಂದದ್ದು ಆ ವಾಸನೆ.

ಮೊದಲು ತಲೆಗೆ ಹೊಳೆದದ್ದು ಕುಡಿತವಲ್ಲ, ಅವಳು. ನನ್ನ ಗಂಡ ಪ್ರತಿ ಸಂಜೆ ಈ ಮನೆಯಿಂದ ಇಳಿದು ನನ್ನ ಮನೆಗೆ ಬರುತ್ತಾನೆ ಎಂದೇ ನಂಬಿದೆ. ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅಪ್ಪನನ್ನು ಕಳೆದುಕೊಂಡ ಹೆಣ್ಣು ಎಂಬುದನ್ನೂ ನೋಡದೆ, ಶಿವಾನಂದ ಇಲ್ಲಿಗೆ ಬರುತ್ತಾರಾ ಎಂದು ಕೇಳಿದೆ. ಇಲ್ಲವಲ್ಲ, ನಾನೇ ಬಾಟಲಿಗಳನ್ನು ಕೆಳಗೆ ಪಾರ್ಕಿಂಗಿಗೆ ಒಯ್ದು ಕೊಡುತ್ತೇನೆ ಅಂದಳು. ನೀವಿಬ್ಬರೂ ಬಹಳ ಬೇಗ ಮುಗಿಸುತ್ತೀರಿ, ಒಂದು ದಿನ ಮೇಲೆ ಬನ್ನಿ, ನಮ್ಮ ಜೊತೆ ಕುಡಿಯಿರಿ ಎಂದು ನಿನ್ನ ಗಂಡನಿಗೆ ಹೇಳುತ್ತಲೇ ಇದ್ದೇನೆ ಅಂದಳು.

ನಾನು ಕುಡಿಯುವುದಿಲ್ಲ ಅಂದೆ.

ಲೂಸ್‌ಳ ಮುಖ ಬಿಳಿಚಿಕೊಂಡಿತು. ಅವಳು ತನ್ನ ಹರಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ: "ಸುವರ್ಣಾ, ನಮ್ಮಲ್ಲಿ ಇದನ್ನು ಯಾರೂ ಒಬ್ಬರೇ ಕುಡಿಯುವುದಿಲ್ಲ. ಒಬ್ಬನೇ ಕುಡಿಯುತ್ತಿದ್ದಾನೆ ಅಂದರೆ ಅವನ ಮನೆಗೆ ಓಡುತ್ತೇವೆ."

ಅಂದು ಸಂಜೆ ನಮ್ಮವರು ಎಲ್ಲಿಗೋ ಹೋಗಿ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಕೇಳಿದೆ.

"ರೀ, ಖರೇ ಹೇಳ್ರಿ. ಇದು ಬಡೇಸೋಪಿನ ವಾಸನಿ ಅಲ್ಲ, ಹೌದಿಲ್ಲೊ?"

ಅವರು ಸುಳ್ಳು ಹೇಳಲಿಲ್ಲ. ಕಾರನ್ನು ಕಟ್ಟಡದ ಕೆಳಗೆ ನಿಲ್ಲಿಸಿ, ದೀಪ ಆರಿಸಿ, ಮೂರು ನಾಲ್ಕು ಗುಟುಕು ಕುಡಿದು, ಮುಖ ಒರೆಸಿಕೊಂಡು ಮೇಲೆ ಬರುತ್ತಿದ್ದರಂತೆ. ನಾನು ಬಡೇಸೋಪು ಎಂದುಕೊಂಡದ್ದು ಅವರಿಗೆ ಅನುಕೂಲವಾಯಿತಂತೆ. ಯಾಕೆ ಎಂದು ಕೇಳಿದ್ದಕ್ಕೆ ಸೋಫಾದ ಅಂಚಿನಲ್ಲಿ ಕೂತು ಹೇಳಿದರು.

"ತಾರಸಿ ಮ್ಯಾಲ ಮೊದಲನೇ ಸಲ ಕುಡದಾಗ ನಮ್ಮ ಗಾಣದ ಮುಂದ ನಿಂತಂಗಾತು. ಊಟಾ ಮುಗಿಸಿ ಬಾಯಾಗ ಬಡೇಸೋಪ ಹಾಕ್ಕೊಂಡು ಎಲ್ಲಾರೂ ಕಟ್ಟಿ ಮ್ಯಾಲ ಕುಂತಂಗ. ಇಲ್ಲಿ ಮತ್ತ ಯಾವುದರಾಗೂ ನನಗ ಅದು ಸಿಗಲಿಲ್ಲ."

"ನಾ ಇದ್ದೆನಲ್ರೀ," ಅಂದೆ.

"ಇದ್ದಿ. ನೀನೂ ನನ್ನಂಗ ದಣದು ಬಂದಿರ್ತಿದ್ದಿ."

ಕಾರಿನಲ್ಲಿ ಉಳಿದಿದ್ದ ಬಾಟಲಿ ತರಿಸಿ ಸಿಂಕಿನಲ್ಲಿ ಸುರಿದೆ. ಮನೆಯೆಲ್ಲ ಮದುವೆ ಮನೆಯಂತೆ ಘಮಘಮಿಸಿತು. ಅಕ್ಷತಾ ಓಡಿಬಂದು, ಮಮ್ಮಿ, ನೈಸ್ ಸ್ಮೆಲ್ ಅಂದಳು. ನಾನು ಹೋಗಿ ಅಡುಗೆಮನೆಯ ಕಿಟಕಿ ತೆರೆದೆ.

ಲೂಸ್ ಕೊಡುವುದನ್ನು ನಿಲ್ಲಿಸಿದಳು. ಆದರೆ ಪೂರ್ತಿ ಬಿಡಿಸಲು ನೋಡಬೇಡ, ಮುರಿದುಹೋಗುತ್ತಾನೆ ಅಂದಳು. ಶುಕ್ರವಾರ ನಮ್ಮಲ್ಲಿಗೆ ಬರಲಿ, ಎಲ್ಲರ ನಡುವೆ ಕೂರಲಿ, ನಾವು ಹಾಕಿಕೊಟ್ಟಷ್ಟೇ ಕುಡಿಯಲಿ, ನೀನೂ ಪಕ್ಕದಲ್ಲಿರು ಅಂದಳು. ಅದು ಮದ್ದೋ ಹುಚ್ಚೋ ನನಗೆ ತಿಳಿಯದು. ಕ್ಲಿನಿಕ್ಕಿನ ಡಾಕ್ಟರು ಕೇಳಿದರೆ ಒಪ್ಪುತ್ತಿರಲಿಲ್ಲ. ಆದರೂ ಮನುಷ್ಯ ಉಳಿದರೆ ಸಾಕಾಗಿತ್ತು ನನಗೆ. ನಾಚಿಕೆ ಬಿಟ್ಟು ನಮ್ಮವರಿಗೆ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

"ನಾಕ ಮಂದಿ ಮುಂದ ಕುಡ್ಯಾಕ ನಾ ಏನ ಕುಡುಕನ?"

ಇದನ್ನು ಲೂಸ್‌ಗೆ ಹೇಗೆ ತಿಳಿಸಲಿ? ಅವಳ ನಾಡಿನಲ್ಲಿ ಮುಚ್ಚಿಟ್ಟು ಕುಡಿಯುವುದು ರೋಗ, ಮಂದಿಯ ನಡುವೆ ಕುಡಿಯುವುದು ಬಾಳುವೆ. ನಮ್ಮ ನಾಡಿನಲ್ಲಿ ಮಂದಿಯ ಕಣ್ಣಿಗೆ ಬಿದ್ದವನು ಕುಡುಕ, ಬೀಳದವನು ಮರ್ಯಾದಸ್ಥ. ನಮ್ಮವರು ಮರ್ಯಾದಸ್ಥರಾಗಿ ಉಳಿಯಲು ಹೊರಟರು.

ಕೆಲವು ತಿಂಗಳು ಬಾಯಿಂದ ಯಾವ ವಾಸನೆಯೂ ಬರಲಿಲ್ಲ. ನಾನು ಮೈಯೆಲ್ಲ ಮೂಗಾಗಿ ಬದುಕುತ್ತಿದ್ದೆ. ಬಾಗಿಲು ತೆರೆದು ಮೊದಲು ಅವರ ಕಣ್ಣು ನೋಡುವ ಬದಲು ಉಸಿರು ಮೂಸುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತು ತಾವೇ ಬಾಯಿ ತೆರೆದು ಹಾ ಎಂದು ಉಸಿರು ಬಿಡುತ್ತಿದ್ದರು. ಆಮೇಲೆ ಇಬ್ಬರೂ ನಗುತ್ತಿದ್ದೆವು, ನಗು ಮಾತ್ರ ಗಂಟಲಿನ ಕೆಳಗೆ ಇಳಿಯುತ್ತಿರಲಿಲ್ಲ. ಬಡೇಸೋಪಿನ ಡಬ್ಬಿಗಳನ್ನೆಲ್ಲ ನಾನು ಕಸಕ್ಕೆ ಹಾಕಿದ್ದೆ.

ಒಂದು ಸಂಜೆ ಅವರು ಬರಲಿಲ್ಲ. ಶಾರ್ಜಾ ಆಚೆ ಅಜ್ಮಾನ್‌ನಲ್ಲಿ ಸಾರಾಯಿ ಕೊಳ್ಳುವ ಲೈಸೆನ್ಸು ಕೇಳದೆ ಬಾಟಲಿ ಕೊಡುವ ಅಂಗಡಿಗಳಿವೆ. ಅಲ್ಲಿ ಅರಬರ ಅರಕ್ ಸಿಗುತ್ತದೆ, ದ್ರಾಕ್ಷಿಯದು, ಆದರೆ ಬಡೇಸೋಪಿನದೇ ವಾಸನೆ. ಅದನ್ನು ಕೊಂಡು, ದಾರಿಯಲ್ಲೇ ಕುಡಿದು, ಬಾಟಲಿ ಎಸೆದು ಹೊರಟಿದ್ದಾರೆ. ನಮ್ಮ ಮನೆಗೆ ಒಂದೇ ಸಿಗ್ನಲ್ ಬಾಕಿ ಇರುವಾಗ, ಇನ್ನೂ ಶಾರ್ಜಾದ ಬದಿಯಲ್ಲೇ, ಮುಂದಿನ ಟ್ಯಾಕ್ಸಿಯ ಹಿಂಬದಿಗೆ ಕಾರು ತಾಗಿತು. ಉಗುರಿನಷ್ಟು ತಗ್ಗು. ಊರಲ್ಲಾಗಿದ್ದರೆ ಇಬ್ಬರೂ ಇಳಿದು ಎರಡು ಮಾತು ಬೈದುಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಇಲ್ಲಿ ಪೊಲೀಸರ ಚೀಟಿ ಇಲ್ಲದೆ ಯಾವ ಗ್ಯಾರೇಜೂ ಗೀರನ್ನು ಸಹ ಮುಟ್ಟುವುದಿಲ್ಲ. ಟ್ಯಾಕ್ಸಿಯ ಪಠಾಣ ಒಳ್ಳೆಯವನೇ, ಭಾಯಿ, ಚೀಟಿಗಷ್ಟೇ ಎಂದು ಸಮಾಧಾನ ಹೇಳುತ್ತಲೇ ಪೊಲೀಸರಿಗೆ ಫೋನು ಮಾಡಿದ. ಬಂದ ಪೊಲೀಸ್ ಬಗ್ಗಿ ಮಾತಾಡಿಸಿ, ಏನು ಕುಡಿದಿದ್ದೀ ಅಂದ. ನಮ್ಮವರು ಸೌಂಫ್ ತಿಂದಿದ್ದೇನೆ ಅಂದರು. ನನ್ನ ಹತ್ತಿರ ಅಷ್ಟು ದಿನ ನಡೆದ ಮಾತು ಅಲ್ಲಿ ನಡೆಯಲಿಲ್ಲ. ರಕ್ತ ಪರೀಕ್ಷೆಗೆ ಒಯ್ದರು.

ಒಂದು ತಿಂಗಳು ಜೈಲು, ಆಮೇಲೆ ಗಡಿಪಾರು. ಮತ್ತೆಂದೂ ಈ ದೇಶಕ್ಕೆ ಕಾಲಿಡುವಂತಿಲ್ಲ. ಕೋರ್ಟಿನ ಗುಮಾಸ್ತ ಕಾಗದದ ಮೇಲೆ ಠಸ್ಸೆ ಒತ್ತಿ "ಖಲಾಸ್" ಅಂದ. ಮುಗಿಯಿತು, ಇನ್ನು ಹೋಗು ಎಂದಷ್ಟೇ ಅವನ ಅರ್ಥ. ಇಲ್ಲಿ ಅಂಗಡಿಯಲ್ಲಿ ಹಾಲು ತೀರಿದರೂ ಖಲಾಸ್, ಸಿನಿಮಾ ಬಿಟ್ಟರೂ ಖಲಾಸ್. ನಮ್ಮ ಕಡೆ ಆ ಮಾತನ್ನು ಆಡುವುದು ಯಾರಾದರೂ ಸತ್ತಾಗ.

ನಾನೂ ಹೊರಟುಬಿಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಊರಲ್ಲಿ ಅವರಿಗೆ ಕೆಲಸವಿಲ್ಲ, ಅಣ್ಣನ ಗಾಣದಲ್ಲಿ ಕೂರುತ್ತಾರೆ. ನನ್ನ ಸಂಬಳ ಇಲ್ಲಿದೆ. ಕ್ಲಿನಿಕ್ಕಿನವರು ಓಡಾಡಿ ಮಗಳ ವೀಸಾವನ್ನು ನನ್ನ ಹೆಸರಿಗೆ ಮಾಡಿಸಿಕೊಟ್ಟರು. ಊರಿಗೆ ಹೋಗೋಣವೇ ಎಂದು ಒಮ್ಮೆ ಅಕ್ಷತಾಳನ್ನು ಕೇಳಿದೆ. "ಮೈ ಹೋಮ್ ಈಸ್ ಹಿಯರ್, ಮಮ್ಮಿ," ಅಂದಳು. ಕನ್ನಡದಲ್ಲಿ ಹೇಳು ಎಂದು ಗದರಿಸಿದೆ. ಅವಳಿಗೆ ಆ ಮಾತು ಕನ್ನಡದಲ್ಲಿ ಬರಲಿಲ್ಲ. ಲೂಸ್ ಕೂಡ ಬೇರೆ ಹೋಟೆಲಿಗೆ, ಬೇರೆ ದೇಶಕ್ಕೆ ಹೋದಳು. ಹೋಗುವಾಗ ನನ್ನ ಕೈ ಹಿಡಿದು ಕ್ಷಮೆ ಕೇಳಿದಳು. ಅವಳದೇನು ತಪ್ಪು, ನೆರೆಮನೆಗೆ ಬೆಲ್ಲ ಕೊಟ್ಟಂತೆ ಕೊಟ್ಟಿದ್ದಳು.

ಹೋದ ವರ್ಷ ಬೇಸಿಗೆ ರಜೆಗೆ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ನಮ್ಮವರು ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಮೈ ತುಂಬಿಕೊಂಡಿದ್ದರು. ಕಣ್ಣು ತಿಳಿಯಾಗಿದ್ದವು. ದಾರಿಯುದ್ದಕ್ಕೂ ಕತೆ ಹೇಳಿದರು. ಮನೆಯಲ್ಲಿ ಊಟಕ್ಕೆ ಕೂತರೆ ಸುತ್ತ ಅಣ್ಣನ ಮಕ್ಕಳು, ಗಾಣದ ಆಳುಗಳು, ದಾರಿಯಲ್ಲಿ ಹೋಗುತ್ತಿದ್ದವರು. ಎಲ್ಲರ ನಡುವೆ ಅವರು ಮೊದಲಿನ ಶಿವಾನಂದ. ಒಬ್ಬರೇ ಸಿಕ್ಕಾಗ ಹೆದರುತ್ತಲೇ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ನಕ್ಕರು.

"ಇಲ್ಲಿ ನನಗ ಅದರ ನೆನಪೂ ಆಗಂಗಿಲ್ಲ ಸುವರ್ಣಾ."

ಕುಣಿದಾಡಬೇಕಾದ ಮಾತು. ಇದನ್ನು ಕೇಳಲೆಂದು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ. ಅವರು ಉಳಿದಿದ್ದರು. ಆದರೆ ಅವರು ಮರೆತದ್ದು ಬಾಟಲಿಯನ್ನಷ್ಟೇ ಅಲ್ಲ. ಆ ಅಡುಗೆಮನೆ, ಆ ಕಿಟಕಿ, ಬಾಗಿಲಲ್ಲಿ ನಿಂತು ಉಸಿರು ಮೂಸುತ್ತಿದ್ದ ನಾನು, ಎಲ್ಲ ಆ 'ಅದು' ಎಂಬುದರಲ್ಲೇ ಇದ್ದೆವು. ನಾನಿಲ್ಲದ ಕಡೆ ಅವರು ಗುಣವಾಗಿದ್ದರು.

ಗಲ್ಫಿನಿಂದ ಊರಿಗೆ ಹೋದವರನ್ನು ಎಲ್ಲರೂ ಎರಡೇ ಮಾತು ಕೇಳುತ್ತಾರೆ, ಎಂದು ಬಂದಿರಿ, ಎಂದು ಹೊರಟಿರಿ. ಹಾಲಿನವಳು ಕೇಳಿದಳು, ಮಠದಲ್ಲಿ ಸ್ವಾಮಿಗಳು ಕೇಳಿದರು, ಬಸ್ಸಿನ ಕಂಡಕ್ಟರನೂ ಕೇಳಿದ. ಎಲ್ಲರಿಗೂ ನಗುತ್ತಾ ತಾರೀಖು ಹೇಳಿದೆ. ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದೆವು. ನಾನು ಬಾಗಿ ನಮ್ಮವರ ತಾಟಿಗೆ ರೊಟ್ಟಿ ಹಾಕುತ್ತಿದ್ದೆ. ಅವರು ತಲೆ ಎತ್ತಿ, ಎಲ್ಲರೂ ಕೇಳುವ ಅದೇ ಸಹಜ ದನಿಯಲ್ಲಿ, "ಮತ್ತ ಎಂದ ಹೊಂಟಿ ನೀ?" ಅಂದರು.

ತಾರೀಖು ನನಗೆ ನೆನಪಾಗಲಿಲ್ಲ.